ಹೊಸಬರಿಗೆ ಮೊದಲು ಪೇಟೆಯ ದಾರಿ ತೋರಿಸಿ

ಮೇ ತಿಂಗಳ ಕೊನೆಗೆ ಮೆಲ್ಕಾರ್ ಜಂಕ್ಷನ್‌ನಲ್ಲಿ ಅರ್ಧ ಗಂಟೆ ನಿಂತು ನೋಡಿ. ಕಪಾಟು, ಮಂಚ, ಮಗುಚಿ ಕಟ್ಟಿದ ಕುರ್ಚಿ, ಅದರ ಮೇಲೆ ಸುರುಳಿ ಸುತ್ತಿದ ಚಾಪೆ ಹೇರಿಕೊಂಡ ಪಿಕಪ್ ಒಂದಾದರೂ ಹೆದ್ದಾರಿಯಿಂದ ಮುಡಿಪು ರಸ್ತೆಗೆ ತಿರುಗುವುದು ಕಾಣುತ್ತದೆ. ಶಾಲೆ ಶುರುವಾಗುವ ಮೊದಲು, ಮಳೆ ಹಿಡಿಯುವ ಮೊದಲು ಮನೆ ಬದಲಾಯಿಸಿ ಮುಗಿಸಬೇಕೆಂಬ ಅವಸರ. ಬಿ.ಸಿ.ರೋಡ್ ಹತ್ತಿರ, ಮಂಗಳೂರಿಗೆ ಬಸ್ಸು ಉಂಟು, ಮಕ್ಕಳಿಗೆ ಶಾಲೆ, ಮದ್ರಸ ಉಂಟು ಅಂತ ಹಳ್ಳಿ ಕಡೆಯ ಎಷ್ಟೋ ಕುಟುಂಬಗಳು ಇತ್ತ ಬರುತ್ತವೆ.

ಹಿಂದೆಲ್ಲ ಒಂದು ಮನೆಗೆ ಹೊಸ ಸೊಸೆ ಬಂದರೂ ಇಡೀ ಜಮಾಅತ್‌ಗೆ ಗೊತ್ತಾಗುತ್ತಿತ್ತು. ಈಗ ಮೇಲಿನ ಮಾಳಿಗೆಗೆ ಸಂಸಾರ ಬಂದು ತಿಂಗಳಾದರೂ ಕೆಳಗಿನವರಿಗೆ ಅವರ ಹೆಸರು ಗೊತ್ತಿರುವುದಿಲ್ಲ. ಕೇಳಿದರೆ, "ಯಾರೋ ಬಾಡಿಗೆಗೆ ಬಂದವರಂತೆ" ಎಂಬ ಉತ್ತರ.

ನಾವು ಬಾಡಿಗೆಗೆ ಬಂದ ಮೊದಲ ರಾತ್ರಿ ನಳ್ಳಿಯಲ್ಲಿ ನೀರಿರಲಿಲ್ಲ. ಯಜಮಾನರು ಗಲ್ಫ್‌ನಲ್ಲಿ, ಮಕ್ಕಳು ದಣಿದು ಮಲಗಿದ್ದರು. ಪಂಪಿನ ಸ್ವಿಚ್ ಎಲ್ಲಿದೆಯೆಂದು ಮನೆ ಮಾಲಕರಲ್ಲಿ ಕೇಳಿಕೊಳ್ಳಲು ಮರೆತಿದ್ದೆ. ಪಕ್ಕದ ಮನೆಯ ಉಮ್ಮ ಟಾರ್ಚ್ ಹಿಡಿದು ಬಂದು, "ಸ್ವಿಚ್ ಮೆಟ್ಟಿಲಿನ ಅಡಿಯಲ್ಲಿ ಉಂಟು ಮಗಳೇ. ಬೆಳಿಗ್ಗೆ ಆರಕ್ಕೆ ನೀರು ಬಿಡ್ತಾರೆ, ಆಗ ಟ್ಯಾಂಕ್ ತುಂಬಿಸಿಕೋ" ಎಂದರು. ಮರುದಿನ ಬೇರೆ ಮನೆಗಳಿಂದ ಊಟ, ತಿಂಡಿ ಬಂತು. ಆದರೆ ಇವತ್ತಿಗೂ ನೆನಪಿರುವುದು ಆ ಸ್ವಿಚ್ ತೋರಿಸಿದವರೇ.

ಮದೀನಾದ ಪಾಠ

ಮನೆ ಬಿಟ್ಟು ಬಂದವರನ್ನು ಬರಮಾಡಿಕೊಳ್ಳುವುದು ನಮಗೆ ಹೊಸ ವಿಷಯವಲ್ಲ. ಹಿಜ್ರಾ ವರ್ಷದ ಲೆಕ್ಕ ಶುರುವಾಗುವುದೇ ಕ್ರಿ.ಶ. 622ರಲ್ಲಿ ನಡೆದ ಒಂದು ವಲಸೆಯಿಂದ. ಮಕ್ಕಾದಿಂದ ಬರಿಗೈಯಲ್ಲಿ ಬಂದ ಮುಹಾಜಿರ್‌ಗಳನ್ನೂ ಮದೀನಾದ ಅನ್ಸಾರ್‌ಗಳನ್ನೂ ಪ್ರವಾದಿ (ಸ) ಸಹೋದರರನ್ನಾಗಿ ಜೋಡಿಸಿದರು. ಅಬ್ದುರ್ರಹ್ಮಾನ್ ಬಿನ್ ಔಫ್ (ರ) ಅವರಿಗೆ ಜೊತೆಯಾದವರು ಸಅದ್ ಬಿನ್ ರಬೀಅ್ (ರ). ತನ್ನ ಸಂಪತ್ತಿನಲ್ಲಿ ಅರ್ಧ ಕೊಡಲು ಅವರು ಮುಂದಾದರು. ಇಬ್ನ್ ಔಫ್ ಅವರಿಗಾಗಿ ದುಆ ಮಾಡಿ, ಇಲ್ಲಿಯ ಪೇಟೆ ಎಲ್ಲಿದೆ ತೋರಿಸಿಕೊಡಿ, ಅಷ್ಟು ಸಾಕು ಎಂದರು. ಬನೂ ಕೈನುಕಾ ಪೇಟೆಗೆ ಹೋಗಿ ತುಪ್ಪ, ಒಣಗಿಸಿದ ಗಿಣ್ಣಿನ ವ್ಯಾಪಾರ ಮಾಡಿ ಕಾಲೂರಿದರು.

ಈ ಘಟನೆ ಹೇಳುವಾಗ ನಾವು ಸಅದ್ ಅವರ ಔದಾರ್ಯಕ್ಕೆ ತಲೆದೂಗಿ ಸುಮ್ಮನಾಗುತ್ತೇವೆ. ಇಬ್ನ್ ಔಫ್ ಕೇಳಿದ್ದೇನು ಎಂಬುದನ್ನೂ ಗಮನಿಸಬೇಕು. ಹೊಸಬರಿಗೆ ಬೇಕಾದದ್ದು ದಾರಿ. ಅದು ತಿಳಿದರೆ ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಹೊರಡುವ ಮೊದಲು

ಸಾಮಾನು ಕಟ್ಟುವಾಗ ಎರಡು ಚೀಲ ಬೇರೆ ಇಡಿ. ಒಂದರಲ್ಲಿ ಪಾಸ್‌ಪೋರ್ಟ್, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪುಸ್ತಕ, ಮನೆಯ ಕರಾರು ಪತ್ರ, ಚಿನ್ನ. ಇದು ಲಾರಿಗಲ್ಲ, ನಿಮ್ಮ ಕೈಯಲ್ಲೇ ಬರಬೇಕು. ಇನ್ನೊಂದರಲ್ಲಿ ಮೊದಲ ರಾತ್ರಿಗೆ ಬೇಕಾದದ್ದು: ಹಿರಿಯರ ಮಾತ್ರೆ, ಮಕ್ಕಳ ಬಟ್ಟೆ, ಮುಸಲ್ಲಾ, ಚಾ ಪುಡಿ, ಸಕ್ಕರೆ, ಒಂದು ಪಾತ್ರೆ, ಟಾರ್ಚ್, ಬಲ್ಬ್. ಕುರ್‌ಆನ್ ಮತ್ತು ಕಿತಾಬುಗಳನ್ನು ಪಾತ್ರೆಗಳ ಅಡಿಗೆ ಹಾಕದೆ ಬೇರೆಯೇ ಕಟ್ಟಿ ಮೇಲೆ ಇಡಿ.

ಕೀ ಪಡೆದ ದಿನವೇ ಮೆಸ್ಕಾಂ ಮೀಟರಿನ ಫೋಟೋ ತೆಗೆದಿಡಿ. ಹಳೆ ಮನೆ ಬಿಡುವಾಗಲೂ ಹಾಗೆಯೇ. ಬಿಲ್ಲಿನ ಜಗಳ ಅಲ್ಲಿಗೇ ಮುಗಿಯುತ್ತದೆ. ದೂರದ ಊರಿಗೆ, ಬೇರೆ ಗ್ಯಾಸ್ ಏಜೆನ್ಸಿಯ ವ್ಯಾಪ್ತಿಗೆ ಹೋಗುವವರು ಹಳೆ ಏಜೆನ್ಸಿಯಿಂದ ವರ್ಗಾವಣೆ ಪತ್ರ ಮಾಡಿಸಿಕೊಳ್ಳಬೇಕು. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ಇರುವುದು ಫಾರ್ಮ್ 8. ಇದನ್ನು ನಾಳೆ ನಾಳೆ ಎಂದು ಮುಂದೂಡಿ ಓಟಿನ ದಿನ ಹಳೆ ಊರಿಗೆ ಬಸ್ಸು ಹತ್ತುವವರು ನಮ್ಮಲ್ಲಿ ಬಹಳ ಮಂದಿ.

ಶಾಲೆಯ ಟಿ.ಸಿ. ಎಲ್ಲರಿಗೂ ನೆನಪಿರುತ್ತದೆ, ಮದ್ರಸದ್ದು ಮರೆತುಹೋಗುತ್ತದೆ. ಸಮಸ್ತ ಬೋರ್ಡಿನ ಮದ್ರಸಗಳಲ್ಲಿ ಹೊಸ ವರ್ಷ ಶುರುವಾಗುವುದು ಶವ್ವಾಲ್‌ನಲ್ಲಿ. ಶಾಲೆಯ ಲೆಕ್ಕದಲ್ಲಿ ಮನೆ ಬದಲಾಯಿಸಿದರೆ ಮದ್ರಸದ ಪಾಠ ನಡುವೆ ತುಂಡಾಗುತ್ತದೆ. 5 ಮತ್ತು 7ನೇ ತರಗತಿಗೆ ಪಬ್ಲಿಕ್ ಪರೀಕ್ಷೆಯೂ ಇರುವುದರಿಂದ ಎರಡೂ ಕಡೆಯ ಉಸ್ತಾದರಲ್ಲಿ ಮೊದಲೇ ಮಾತಾಡುವುದು ಒಳ್ಳೆಯದು.

ಜಮಾಅತ್‌ನ ವಿಷಯವೂ ಹಾಗೆಯೇ. ಹಳೆ ಜಮಾಅತ್‌ನ ವಂತಿಗೆ ಬಾಕಿ ತೀರಿಸಿ, ಹೊಸ ಕಡೆ ಖತೀಬರನ್ನೋ ಅಧ್ಯಕ್ಷರನ್ನೋ ಕಂಡು ಪರಿಚಯ ಹೇಳಿ. ಮಗಳ ನಿಕಾಹ್‌ಗೆ ಪತ್ರ ಬೇಕಾದಾಗ, ಮನೆಯಲ್ಲಿ ಮರಣವಾದಾಗ ಮೊದಲ ಬಾರಿ ಮಸೀದಿ ಮೆಟ್ಟಿಲು ಹತ್ತುವಂತಾಗಬಾರದು. ಬಾಡಿಗೆಯವರೆಂದು ದೂರ ಇಡದೆ ಮನೆಗೊಮ್ಮೆ ಹೋಗಿ ವಿಚಾರಿಸುವುದು ಜಮಾಅತ್‌ನವರ ಕಡೆಯಿಂದಲೂ ಆಗಬೇಕಾದ ಕೆಲಸ.

ಪಕ್ಕದವರು ಏನು ಮಾಡಬಹುದು

ಸಾಮಾನು ಇಳಿಸುವ ಹೊತ್ತಿಗೆ ಗೇಟಿನಲ್ಲಿ ನಿಂತು ಯಾವ ಕಂಪೆನಿಯ ಫ್ರಿಜ್ ಎಂದು ನೋಡುವ ಬದಲು ಒಂದು ಜಗ್ ಶರಬತ್ತು ಕಳುಹಿಸಿ. ರಾತ್ರಿಗೆ ಅಕ್ಕಿ ರೊಟ್ಟಿ, ಸ್ವಲ್ಪ ಸಾರು ಕೊಟ್ಟರೂ ಸಾಕು. ಸಾರಿಗೆ ನೀರು ಹೆಚ್ಚಿಸಿಯಾದರೂ ನೆರೆಮನೆಗೆ ಕೊಡಬೇಕೆಂದು ಪ್ರವಾದಿ (ಸ) ಅಬೂದರ್ (ರ) ಅವರಿಗೆ ಕಲಿಸಿದ್ದು ಇದನ್ನೇ. ಬಿರಿಯಾನಿಯೇ ಆಗಬೇಕೆಂದಿಲ್ಲ.

ಆಮೇಲೆ ಒಂದು ಕಾಗದದಲ್ಲಿ ಇಷ್ಟು ಬರೆದು ಕೊಡಿ: ನೀರು ಬಿಡುವ ಹೊತ್ತು, ಕಸದ ಗಾಡಿ ಬರುವ ದಿನ, ರಾತ್ರಿ ಕರೆದರೂ ಬರುವ ರಿಕ್ಷಾದವರ ನಂಬರ್, ಹತ್ತಿರದ ಡಾಕ್ಟರು, ಪ್ಲಂಬರ್, ಕರೆಂಟಿನ ಕೆಲಸದವರು, ಮೀನಿನವರು ಬರುವ ಸಮಯ, ಮದ್ರಸದ ಗಂಟೆ. ಗಂಡಸರು ಪರದೇಶದಲ್ಲಿದ್ದು ಹೆಂಗಸರು, ಮಕ್ಕಳು ಮಾತ್ರ ಇರುವ ಮನೆಗೆ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಕನ್ನಡದಲ್ಲಿ ನೆರೆ ಎಂದರೆ ಪಕ್ಕದವರೂ ಹೌದು, ಹೊಳೆ ಉಕ್ಕುವುದೂ ಹೌದು. 1974ರ ನೆರೆಯನ್ನು ಬಂಟ್ವಾಳದ ಹಿರಿಯರು ಮರೆತಿಲ್ಲ. 2019ರ ಆಗಸ್ಟ್‌ನಲ್ಲಿ ನೇತ್ರಾವತಿ ಮತ್ತೆ ತಗ್ಗಿನ ಮನೆಗಳಿಗೆ ನುಗ್ಗಿದ್ದನ್ನು ನಾವೇ ಕಂಡಿದ್ದೇವೆ. ಪಾಣೆಮಂಗಳೂರು, ಆಲಡ್ಕ ಕಡೆ ಬೇಸಿಗೆಯಲ್ಲಿ ಮನೆ ನೋಡಿ ಒಪ್ಪಿದವರಿಗೆ ನೀರು ಎಲ್ಲಿವರೆಗೆ ಬರುತ್ತದೆ ಎಂದು ಹೇಗೆ ತಿಳಿಯಬೇಕು? ಮಾಲಕರು ಹೇಳದಿದ್ದರೂ ನೀವು ಹೇಳಿ. ಯಾವ ಗೋಡೆಯ ತನಕ ಬಂದಿತ್ತು, ಮಕ್ಕಳನ್ನು ಎತ್ತಿಕೊಂಡು ಯಾವ ದಾರಿಯಲ್ಲಿ ಮೇಲೆ ಹೋಗಬೇಕು ಎಂದು ತೋರಿಸಿ.

ಕೇಳಬಾರದ ಪ್ರಶ್ನೆಗಳೂ ಕೆಲವು ಇವೆ. ಬಾಡಿಗೆ ಎಷ್ಟು, ಹಳೆ ಮನೆ ಯಾಕೆ ಬಿಟ್ಟಿರಿ, ಅವರಿಗೆ ಅಲ್ಲಿ ಸಂಬಳ ಎಷ್ಟು? ಮೊದಲ ವಾರದಲ್ಲಿ ಇವು ಬೇಡ ಮಾರಾಯ್ರೆ.

ಧರ್ಮ ಕೇಳದ ಹಕ್ಕು

ನೆರೆಯವರ ಹಕ್ಕು ಮುಸ್ಲಿಮರಿಗಷ್ಟೇ ಸೀಮಿತವಲ್ಲ. ಅಬ್ದುಲ್ಲಾಹ್ ಬಿನ್ ಅಮ್ರ್ (ರ) ಮನೆಯಲ್ಲಿ ಆಡು ಕೊಯ್ದಾಗ, ಪಕ್ಕದ ಯಹೂದಿಯ ಮನೆಗೆ ಪಾಲು ಹೋಯಿತೇ ಎಂದು ಮತ್ತೆ ಮತ್ತೆ ವಿಚಾರಿಸಿದ್ದು ಹದೀಸ್ ಗ್ರಂಥಗಳಲ್ಲಿದೆ. ನಮ್ಮ ಜಿಲ್ಲೆಯಲ್ಲಿ ಈಗ ಮನೆ ಹುಡುಕುವಾಗ "ಅಲ್ಲಿ ಯಾರ ಮನೆಗಳು ಜಾಸ್ತಿ" ಎಂಬ ಪ್ರಶ್ನೆ ಬಾಡಿಗೆಗಿಂತ ಮೊದಲು ಬರುತ್ತದೆ. ಎರಡೂ ಕಡೆ ಭಯ ಉಂಟು. ಪಕ್ಕಕ್ಕೆ ಹಿಂದೂ ಅಥವಾ ಕ್ರಿಶ್ಚಿಯನ್ ಕುಟುಂಬ ಬಂದರೆ ನಾವೇ ಮೊದಲು ಹೋಗಿ ಮಾತಾಡಿಸೋಣ. ಅವರು ತಿನ್ನುವುದು, ತಿನ್ನದಿರುವುದು ಕೇಳಿಕೊಂಡು ಬಾಳೆಹಣ್ಣೋ ಎಳನೀರೋ ಕೊಡೋಣ. ಮಾತು ಬೆಳೆಸಲು ತುಳು ಇದ್ದೇ ಇದೆ. ಪರಿಚಯ ಇಲ್ಲದ ಕಡೆ ಗಾಳಿ ಸುದ್ದಿ ಬೇಗ ಹಬ್ಬುತ್ತದೆ. ದಿನಾ ಮಾತಾಡುವವರ ಬಗ್ಗೆ ಬಂದ ಸುದ್ದಿಯನ್ನು ಬೇಲಿಯಾಚೆಗೆ ಕೂಗಿ ಕೇಳಿ ತಿಳಿದುಕೊಳ್ಳಬಹುದು.

ಹೊಸದಾಗಿ ಬಂದವರಿಗೂ ಒಂದು ಮಾತು. ಯಾರೂ ಕರೆಯಲಿಲ್ಲ ಎಂದು ಬಾಗಿಲು ಹಾಕಿ ಕೂರಬೇಡಿ. ಗೋಡೆಗೆ ಡ್ರಿಲ್ ಹಾಕುವ ಮೊದಲು, ಬೈಕ್ ನಿಲ್ಲಿಸುವ ಮೊದಲು ಪಕ್ಕದಲ್ಲಿ ಒಂದು ಮಾತು ಕೇಳಿ. ಮನೆ ಒಕ್ಕಲಿಗೆ ನೂರು ಜನ ನೆಂಟರನ್ನು ಕರೆಯುವವರು ಅಕ್ಕಪಕ್ಕದ ನಾಲ್ಕು ಮನೆ ಬಿಡಬೇಡಿ. ನೆಂಟರು ಊಟ ಮಾಡಿ ಸಂಜೆಗೆ ಹೊರಡುತ್ತಾರೆ. ರಾತ್ರಿ ಮಗುವಿಗೆ ಜ್ವರ ಏರಿದರೆ ಕದ ತಟ್ಟುವುದು ಈ ನಾಲ್ಕು ಮನೆಗಳದ್ದೇ.

ನಿಮ್ಮ ಪಕ್ಕದ ಖಾಲಿ ಮನೆಗೆ ಈ ವರ್ಷ ಯಾರಾದರೂ ಬಂದಿದ್ದರೆ ಇವತ್ತು ಅಸರ್ ನಂತರ ಹೋಗಿ ಬನ್ನಿ. ತಡವಾಯಿತಲ್ಲ ಎಂಬ ನಾಚಿಕೆ ಬೇಡ. ಸಲಾಂ ಹೇಳಿ, ಅಥವಾ ನಮಸ್ಕಾರ ಹೇಳಿ, "ನೀರಿಗೆ ಏನೂ ತೊಂದರೆ ಇಲ್ಲ ಅಲ್ವಾ?" ಎಂದು ಕೇಳಿದರೆ ಸಾಕು.