ದಿಣ್ಣೆ ಮೇಲೆ ನಿಂತ ಜಿಪ್ಸಿ: ಕಾರ್ಬೊರೇಟರ್ ಬದಲಿಸುವ ಮುನ್ನ ಇಷ್ಟು ತಿಳಿದಿರಲಿ

ಮೇ ತಿಂಗಳ ಒಂದು ಭಾನುವಾರ. ಶ್ರೀನಿವಾಸಪುರದ ಹತ್ತಿರ ಇರೋ ನಮ್ಮ ಮಾವಿನ ತೋಟದಿಂದ ಅಪ್ಪ ಫೋನ್ ಮಾಡಿದ್ರು. "ಗಾಡಿ ದಿಣ್ಣೆ ಮೇಲೆ ಆಫ್ ಆಗೋಯ್ತು ಕಣಪ್ಪ. ಬ್ರೇಕ್ ಕಲ್ಲಾಗಿಬಿಡ್ತು. ಹಿಂದಕ್ಕೆ ಜಾರಿ ಬಂಡೆಗೆ ತಗಲಿಕೊಂಡು ನಿಂತಿದೆ. ನನಗೇನೂ ಆಗಿಲ್ಲ."

ಆ ಕೊನೆಯ ಮಾತನ್ನ ಮೊದಲೇ ಹೇಳಬಾರದಿತ್ತಾ ಅನ್ನಿಸ್ತು.

ಗಾಡಿ ನಮ್ಮದು 1998ರ ಜಿಪ್ಸಿ ಕಿಂಗ್, 1.3 ಲೀಟರ್ ಪೆಟ್ರೋಲ್. ಹಿಂದಿನ ಸೀಟು ತೆಗೆದು ಮಾವಿನ ಕ್ರೇಟ್ ಇಡೋಕೆ ಜಾಗ ಮಾಡ್ಕೊಂಡಿದ್ದೀವಿ. ಮಾರುತಿಯವರು ಜಿಪ್ಸಿಯನ್ನು ಹೊರತಂದದ್ದು 1985ರ ಕೊನೆಯಲ್ಲಿ, 970 ಸಿಸಿ ಎಂಜಿನ್ ಜೊತೆ. 1996ರಲ್ಲಿ 1298 ಸಿಸಿಯ ಕಿಂಗ್ ಬಂತು. 2000ರಲ್ಲಿ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ, ಅಂದರೆ ಇಂಜೆಕ್ಷನ್ ಬಂತು. ಅದಕ್ಕೂ ಹಿಂದಿನ ಗಾಡಿ ಇಟ್ಕೊಂಡಿರೋರೆಲ್ಲ ನಮ್ಮ ಹಾಗೆ "ಕಾರ್ಬೇಟರ್" ಬಳಗದವರು. ಕೋಲಾರ, ಮಾಲೂರು, ಮುಳಬಾಗಿಲು ಕಡೆ ತೋಟಕ್ಕೆ ಅಂತಲೋ, ವಾರಾಂತ್ಯಕ್ಕೆ ಬೆಟ್ಟದ ದಾರಿ ಹತ್ತೋಕೆ ಅಂತಲೋ ಹಳೇ ಜಿಪ್ಸಿ ಕೊಂಡಿರೋ ನನ್ನ ವಯಸ್ಸಿನವರಿಗೆ ಈ ಅನುಭವ ಉಪಯೋಗಕ್ಕೆ ಬರಬಹುದು ಅಂತ ಬರೀತಿದ್ದೀನಿ.

ಅಂದು ಆದದ್ದೇನು?

ಬ್ರೇಕ್ ಕೆಟ್ಟಿರಲಿಲ್ಲ. ಈ ಗಾಡಿಯ ಬ್ರೇಕಿಗೆ ಬೂಸ್ಟರ್ ಇದೆ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಹುಟ್ಟುವ ನಿರ್ವಾತವೇ ಅದಕ್ಕೆ ಬಲ. ಎಂಜಿನ್ ನಿಂತರೆ ಬೂಸ್ಟರ್‌ನಲ್ಲಿ ಉಳಿದಿರೋದು ಒಂದೆರಡು ಸಲ ತುಳಿಯೋಷ್ಟು ಮಾತ್ರ. ಗಾಬರಿಯಲ್ಲಿ ಅಪ್ಪ ನಾಲ್ಕೈದು ಸಲ ತುಳಿದಿದ್ದಾರೆ, ಪೆಡಲ್ ಗಟ್ಟಿಯಾಗಿದೆ.

ಹಾಗಾಗಿ ಮೊದಲ ಕಿವಿಮಾತು: ದಿಣ್ಣೆ ಮೇಲೆ ಎಂಜಿನ್ ಆಫ್ ಆದರೆ ಬ್ರೇಕನ್ನು ಪಂಪ್ ಮಾಡಬೇಡಿ. ಒಂದೇ ಸಲ ಗಟ್ಟಿಯಾಗಿ ತುಳಿದು ಹಾಗೇ ಹಿಡಿಯಿರಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಗಾಡಿ ಗೇರಿನಲ್ಲೇ ಇರಲಿ. ನ್ಯೂಟ್ರಲ್ಲಿಗೆ ಹಾಕಿ ಹಿಂದಕ್ಕೆ ಬಿಡೋ ಯೋಚನೆಯೇ ಬೇಡ.

ಇನ್ನು ಎಂಜಿನ್ ಯಾಕೆ ನಿಂತಿತು? ಕಾರ್ಬೊರೇಟರ್ ಒಳಗೆ ಒಂದು ಪುಟ್ಟ ತೊಟ್ಟಿ ಇದೆ. ಅದರಲ್ಲಿ ಪೆಟ್ರೋಲ್ ಎಷ್ಟು ನಿಲ್ಲಬೇಕು ಅನ್ನೋದನ್ನು ತೇಲೋ ಫ್ಲೋಟ್ ಮತ್ತು ಅದರ ನೀಡಲ್ ವಾಲ್ವ್ ನೋಡಿಕೊಳ್ತವೆ, ನಮ್ಮ ಮನೆ ಮೇಲಿನ ನೀರಿನ ಟ್ಯಾಂಕಿನ ಬಾಲ್‌ಕಾಕ್ ಹಾಗೆ. ಗಾಡಿ ಮೂತಿ ಎತ್ತಿದಾಗ ತೊಟ್ಟಿಯಲ್ಲಿರೋ ಪೆಟ್ರೋಲ್ ಒಂದು ಪಕ್ಕಕ್ಕೆ ವಾಲುತ್ತೆ. ಆಗ ಜೆಟ್‌ಗೆ ಪೆಟ್ರೋಲ್ ಸಿಗದೆ ಎಂಜಿನ್ ಸಾಯುತ್ತೆ, ಇಲ್ಲವೇ ಅತಿಯಾಗಿ ಸುರಿದು ಕಟ್ಟಿಕೊಂಡು ಸಾಯುತ್ತೆ. ಫ್ಲೋಟ್ ಮಟ್ಟ ಸರಿ ಇದ್ದರೆ ಇದನ್ನು ಸಾಕಷ್ಟು ತಡೆದುಕೊಳ್ಳುತ್ತೆ. ಇಲ್ಲದಿದ್ದರೆ ಹೈವೇಯಲ್ಲಿ ಚೆನ್ನಾಗಿ ಓಡೋ ಗಾಡಿಯೂ ದಿಣ್ಣೆಯಲ್ಲಿ ಕೈಕೊಡುತ್ತೆ.

ಮೊದಲು ಕಾರ್ಬೊರೇಟರೇ ಕಳ್ಳ ಅನ್ನಬೇಡಿ

ಅಪ್ಪನ ಫೋನ್ ಇಟ್ಟ ಅರ್ಧ ಗಂಟೆಯಲ್ಲಿ ನಾನು ಮೊಬೈಲಿನಲ್ಲಿ ದೊಡ್ಡದೊಂದು ವಿದೇಶಿ ಕಾರ್ಬೊರೇಟರ್ ನೋಡಿ ಕಾರ್ಟ್‌ಗೆ ಹಾಕಿದ್ದೆ. ದುಡ್ಡು ಕಟ್ಟೋ ಮುಂಚೆ, ಅಪ್ಪನ ಗಾಡಿ ನೋಡ್ಕೊಳ್ಳೋ ಕೋಲಾರದ ಮೆಕ್ಯಾನಿಕ್ ಅಣ್ಣನಿಗೆ ಒಂದು ಮಾತು ಕೇಳೋಣ ಅಂತ ಫೋನ್ ಮಾಡಿದೆ. "ತಮ್ಮಾ, ರೋಗ ಯಾವ್ದು ಅಂತ ಗೊತ್ತಾಗೋಕೆ ಮುಂಚೆ ಔಷಧಿ ತಗೊಂತೀಯಾ? ಗಾಡಿ ತಂದು ನಿಲ್ಸು" ಅಂದ್ರು.

ಶನಿವಾರ ಗಾಡಿ ಎಳೆಸಿಕೊಂಡು ಹೋದೆ. ಅವರು ನೋಡಿದ್ದು ಈ ಸಾಲಿನಲ್ಲಿ: ಪೆಟ್ರೋಲ್ ಫಿಲ್ಟರ್, ಏರ್ ಫಿಲ್ಟರ್, ಪ್ಲಗ್‌ಗಳ ಬಣ್ಣ, ಇಗ್ನಿಷನ್ ಟೈಮಿಂಗ್, ನಿರ್ವಾತದ ರಬ್ಬರ್ ಪೈಪುಗಳು, ಆಮೇಲೆ ಸಿಲಿಂಡರ್‌ಗಳ ಕಂಪ್ರೆಷನ್. ಪ್ಲಗ್ ತುದಿ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗೆ ಸುಟ್ಟಿದ್ದರೆ ಗಾಳಿ ಜಾಸ್ತಿ. ಬಿಸ್ಕತ್ ಬಣ್ಣ ಇದ್ದರೆ ಸರಿ. ನಮ್ಮದು ಎರಡು ಕಪ್ಪು, ಎರಡು ಬಿಳಿ.

ಕೊನೆಗೆ ಕಾರ್ಬೊರೇಟರಿನ ಬಟರ್‌ಫ್ಲೈ ತಿರುಗಿಸೋ ಸಣ್ಣ ಶಾಫ್ಟನ್ನು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿ ತೋರಿಸಿದ್ರು. ಲೊಡ ಲೊಡ ಅಂತಿತ್ತು. ಆ ಸಂದಿಯಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿತ್ತು. ಹಿಂದಿನ ವರ್ಷವಷ್ಟೇ ಅಪ್ಪ ರಿಪೇರಿ ಕಿಟ್ ಹಾಕಿಸಿದ್ದರು. ಆದರೆ ಕಿಟ್‌ನಲ್ಲಿ ಬರೋದು ಗ್ಯಾಸ್ಕೆಟ್, ಡಯಾಫ್ರಾಮ್, ನೀಡಲ್ ವಾಲ್ವ್. ಸವೆದ ಶಾಫ್ಟಿಗೂ ಅದು ಕೂರೋ ತೂತಿಗೂ ಕಿಟ್‌ನಲ್ಲಿ ಮದ್ದಿಲ್ಲ.

ಈ ಒಂದು ಪರೀಕ್ಷೆ ನೆನಪಿಟ್ಟುಕೊಳ್ಳಿ. ಶಾಫ್ಟ್ ಗಟ್ಟಿ ಇದ್ದರೆ ಕಿಟ್ ಸಾಕು. ಶಾಫ್ಟ್ ಅಲ್ಲಾಡಿದರೆ ಬುಷ್ ಹಾಕಿಸಬೇಕು, ಇಲ್ಲವೇ ಬೇರೆ ಕಾರ್ಬೊರೇಟರ್ ತರಬೇಕು.

ದೊಡ್ಡದು ಯಾಕೆ ಬೇಡ?

ನನ್ನ ಕಾರ್ಟ್‌ನಲ್ಲಿದ್ದದ್ದು ವೆಬರ್ 32/36. ಒಳ್ಳೇ ಹೆಸರಿರೋ ಮಾಲು. ಎರಡು ಬಾಯಿ, ಒಂದು 32 ಮಿ.ಮೀ., ಇನ್ನೊಂದು 36. ಎರಡು ಲೀಟರಿನ ಫೋರ್ಡ್ ಎಂಜಿನ್‌ಗಳಲ್ಲಿ ಬಂದದ್ದು. ಅಮೆರಿಕದಲ್ಲಿ ನಮ್ಮ ಜಿಪ್ಸಿಯ ಅಣ್ಣತಮ್ಮನಾದ ಸುಜುಕಿ ಸಮುರಾಯ್‌ಗೆ ಅಡಾಪ್ಟರ್ ಪ್ಲೇಟ್ ಇಟ್ಟು ಇದನ್ನೇ ಕೂರಿಸೋರು ಬಹಳ ಮಂದಿ.

ಮೆಕ್ಯಾನಿಕ್ ಅಣ್ಣ ಕೇಳಿದ್ದು ಒಂದೇ: "ನಿನ್ನ ಎಂಜಿನ್ ಎಷ್ಟು ಉಸಿರೆಳ್ಕೊಳ್ಳುತ್ತೆ?" ಲೆಕ್ಕ ಸುಲಭ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೆ ಒಂದು ಸಲ ತನ್ನ ಹೊಟ್ಟೆ ತುಂಬಾ ಗಾಳಿ ಎಳೆಯುತ್ತೆ. 6,000 ಆರ್‌ಪಿಎಂನಲ್ಲಿ 3,000 ಸಲ, ಸಲಕ್ಕೆ 1.298 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 3,900 ಲೀಟರ್. ಪೂರ್ತಿ ತುಂಬೋದಿಲ್ಲವಾದ್ದರಿಂದ ಶೇ 80 ಅಂತ ಹಿಡಿದರೆ 3,100 ಲೀಟರ್. ಆದರೆ ತೋಟದ ದಿಣ್ಣೆಯಲ್ಲಿ ಲೋ ಗೇರ್ ಹಾಕಿ 1,500 ಆರ್‌ಪಿಎಂನಲ್ಲಿ ತೆವಳುವಾಗ? ಸಾವಿರ ಲೀಟರ್ ಕೂಡ ಇಲ್ಲ.

ಕಾರ್ಬೊರೇಟರ್ ಕೆಲಸ ಮಾಡೋದೇ ಕಿರಿದಾದ ಕೊರಳಲ್ಲಿ ಗಾಳಿ ಜೋರಾಗಿ ಹಾಯ್ದು ಪೆಟ್ರೋಲನ್ನು ಹೀರಿಕೊಳ್ಳೋದರಿಂದ. ಕೊರಳು ಅಗಲವಾದಷ್ಟೂ ಕಡಿಮೆ ವೇಗದಲ್ಲಿ ಹೀರೋ ಬಲ ಕಡಿಮೆ. ವೆಬರ್‌ಗೆ ಸರಿಯಾದ ಜೆಟ್ ಹಾಕಿ ಟ್ಯೂನ್ ಮಾಡೋರು ಹತ್ತಿರದಲ್ಲಿದ್ದರೆ ಅದು ಚೆನ್ನಾಗೇ ನಡೆಯುತ್ತೆ. ಆದರೆ ಅಡಾಪ್ಟರ್, ಜೆಟ್, ಆಕ್ಸಿಲರೇಟರ್ ಕೇಬಲ್, ಏರ್ ಫಿಲ್ಟರ್ ಎಲ್ಲ ಹೊಸದಾಗಿ ಹೊಂದಿಸಬೇಕು. ಶ್ರೀನಿವಾಸಪುರದಲ್ಲಿ ಗಾಡಿ ನಿಂತರೆ ಆ ಜೆಟ್ ಯಾರ ಹತ್ತಿರ ಸಿಗುತ್ತೆ? ನಮಗೆ ಬೇಕಾಗಿದ್ದದ್ದು ಹೈವೇ ಪಿಕಪ್ ಅಲ್ಲ, ಅಪ್ಪ ದಿಣ್ಣೆ ಹತ್ತುವಾಗ ಎಂಜಿನ್ ನಿಲ್ಲದಿರೋದು.

ಉಳಿದ ದಾರಿಗಳು

ಹೆಸರಿಲ್ಲದ ಅಗ್ಗದ ನಕಲು: ನೋಡೋಕೆ ಥಳಥಳ. ಆದರೆ ಒಳಗಿನ ಜೆಟ್ ಅಳತೆ, ಫ್ಲೋಟ್ ಮಟ್ಟ ಒಂದಕ್ಕೊಂದು ಹೊಂದುತ್ತೆ ಅನ್ನೋ ಭರವಸೆ ಇಲ್ಲ. ತೆಗೆದುಕೊಂಡರೂ ಬಿಚ್ಚಿ, ಅಳೆದು, ಆಮೇಲೆ ಕೂರಿಸಿ.

ಇಂಜೆಕ್ಷನ್ ಎಂಜಿನ್‌ಗೆ ಬದಲಾಯಿಸೋದು: ದಿಣ್ಣೆಯ ತೊಂದರೆಗೆ ಇದು ನಿಜವಾದ ಪರಿಹಾರ. ಇಂಜೆಕ್ಷನ್‌ನಲ್ಲಿ ತೊಟ್ಟಿಯೂ ಇಲ್ಲ, ಫ್ಲೋಟೂ ಇಲ್ಲ. ಆದರೆ ವೈರಿಂಗ್, ಪಂಪ್, ಇಸಿಯು ಎಲ್ಲ ಬರಬೇಕು. ಮೇಲಾಗಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಿಸೋಕೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಕಾಗದಪತ್ರ ಇಲ್ಲದೆ ಮಾಡಿಸಿದರೆ ಎಫ್‌ಸಿ ವೇಳೆಗೆ, ಇನ್ಶೂರೆನ್ಸ್ ಕೇಳೋ ವೇಳೆಗೆ ತಲೆನೋವು.

ಅದೇ ಮಾದರಿಯ ಮೂಲ ಕಾರ್ಬೊರೇಟರ್: ನಾವು ಹಿಡಿದ ದಾರಿ ಇದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ಶನಿವಾರ ಅಲೆದೆ. ಕಿಂಗ್‌ನದ್ದೇ, ಶಾಫ್ಟ್ ಗಟ್ಟಿ ಇರೋ ಸೆಕೆಂಡ್‌ಹ್ಯಾಂಡ್ ಒಂದು ಸಿಕ್ತು. 970 ಸಿಸಿಯದ್ದನ್ನು "ಇದೂ ಜಿಪ್ಸಿದೇ" ಅಂತ ಕೈಗೆ ಕೊಟ್ಟವರೂ ಇದ್ದರು. ಹಾಗಾಗಿ ನಿಮ್ಮ ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಬೋಲ್ಟ್ ತೂತು, ಬಾಯಿಯ ಅಳತೆ, ಪೈಪ್ ಮೂತಿಗಳು ಪಕ್ಕಪಕ್ಕ ಇಟ್ಟು ನೋಡಿ.

ಈಗಿನ ಪೆಟ್ರೋಲಿಗೆ ತಕ್ಕ ರಬ್ಬರ್

ಸಿಕ್ಕಿದ್ದನ್ನು ಹಾಗೇ ಕೂರಿಸಲಿಲ್ಲ. ಪೂರ್ತಿ ಬಿಚ್ಚಿ ತೊಳೆದು ಹೊಸ ಕಿಟ್ ಹಾಕಿದ್ವಿ. ಇಲ್ಲಿ ಒಂದು ವಿಷಯ ಗಮನಿಸಬೇಕು. ಶೇ 20 ಎಥೆನಾಲ್ ಸೇರಿದ ಇ20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯ್ತು. ಈಗ ಬಂಕ್‌ಗಳಲ್ಲಿ ಸಿಗೋದು ಹೆಚ್ಚಾಗಿ ಅದೇ. 1998ರ ರಬ್ಬರಿಗೆ ಎಥೆನಾಲ್ ಅಭ್ಯಾಸ ಇಲ್ಲ. ಉಬ್ಬುತ್ತೆ, ಬಿರುಕು ಬಿಡುತ್ತೆ. ನೀರಿನ ತೇವವನ್ನೂ ಎಳೆದುಕೊಳ್ಳೋದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ತೊಟ್ಟಿಯಲ್ಲಿ ತುಕ್ಕು, ಕಿಲುಬು ಕೂರುತ್ತೆ. ಕಿಟ್ ಕೊಳ್ಳುವಾಗ ಎಥೆನಾಲ್ ತಡೆಯೋ ರಬ್ಬರ್ ಕೇಳಿ. ಪೆಟ್ರೋಲ್ ಪೈಪುಗಳನ್ನೂ ಜೊತೆಯಲ್ಲೇ ಬದಲಿಸಿ.

ಇನ್ನೊಂದು ಲೆಕ್ಕ. ಶುದ್ಧ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಹಳೇ ಜೆಟ್‌ನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತೆ. ನಮ್ಮ ಕೋಲಾರ ಸೀಮೆ ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಮೇಲಿದೆ, ಇಲ್ಲಿನ ಗಾಳಿಯೇ ತುಸು ತೆಳು. ಅದರಿಂದ ಮಿಶ್ರಣ ಒಂದಿಷ್ಟು ದಪ್ಪವಾಗಿ, ಎಥೆನಾಲ್ ಮಾಡೋ ವ್ಯತ್ಯಾಸವನ್ನು ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತೆ. ಅದಕ್ಕೇ ಜೆಟ್ ಬದಲಿಸೋ ಅವಸರ ಮಾಡಲಿಲ್ಲ. ಮೂಲ ಜೆಟ್ ಇಟ್ಟು ಓಡಿಸಿ, ಪ್ಲಗ್ ಬಣ್ಣ ನೋಡಿದ್ವಿ.

ಐಡಲ್ ಹೊಂದಿಸಿದ ಮೇಲೆ ಹೊಗೆ ತಪಾಸಣೆ ಕೇಂದ್ರಕ್ಕೂ ಹೋದ್ವಿ. ಭಾರತ್ ಸ್ಟೇಜ್ ನಿಯಮಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 3. ಸರ್ಟಿಫಿಕೇಟ್ ಸಿಕ್ಕಿತು ಅಂತ ಚೀಟಿ ಮಡಚಿ ಇಡಬೇಡಿ, ಅದರಲ್ಲಿರೋ ಅಂಕಿ ಓದಿ. ಮಿತಿಯ ಅಂಚಿನಲ್ಲಿದ್ದರೆ ಪೆಟ್ರೋಲ್ ಪೋಲಾಗ್ತಿದೆ ಅಂತ ಅರ್ಥ.

ಅಂಗಡಿಗೆ ಹೋಗೋ ಮುನ್ನ

* ಎಂಜಿನ್ 970 ಸಿಸಿಯೋ 1298 ಸಿಸಿಯೋ, ಆರ್‌ಸಿ ನೋಡಿ ಖಚಿತ ಮಾಡ್ಕೊಳ್ಳಿ.
* ಶಾಫ್ಟ್ ಅಲ್ಲಾಡಿಸಿ ನೋಡದೆ ದುಡ್ಡು ಕೊಡಬೇಡಿ.
* ಪೆಟ್ರೋಲ್ ತೊಟ್ಟಿ ಗಾಡಿಯ ಮುಂದಕ್ಕೆ ಬರುತ್ತೋ ಹಿಂದಕ್ಕೋ ಕೇಳಿ. ಹಿಂದಿದ್ದರೆ ದಿಣ್ಣೆ ಹತ್ತುವಾಗ ಜೆಟ್‌ನ ಬಾಯಿಗೆ ಪೆಟ್ರೋಲ್ ಎಟುಕೋದು ಕಷ್ಟ.
* ಇಂಜೆಕ್ಷನ್ ಗಾಡಿಯ ಎಲೆಕ್ಟ್ರಿಕ್ ಪಂಪ್ ಜೋಡಿಸಬೇಡಿ. ಕಾರ್ಬೊರೇಟರಿಗೆ 3 ಪಿಎಸ್‌ಐ ಆಸುಪಾಸಿನ ಒತ್ತಡ ಸಾಕು. ಹೆಚ್ಚಾದರೆ ನೀಡಲ್ ವಾಲ್ವ್ ತಳ್ಳಿಕೊಂಡು ಪೆಟ್ರೋಲ್ ಉಕ್ಕುತ್ತೆ, ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ದಾರಿ.
* ಟೆಸ್ಟ್ ಡ್ರೈವ್ ಗ್ಯಾರೇಜ್ ಮುಂದಿನ ರಸ್ತೆಯಲ್ಲಲ್ಲ, ನೀವು ದಿನಾ ಹತ್ತೋ ದಿಣ್ಣೆಯಲ್ಲೇ ಮಾಡಿ.

ನಾವೂ ಹಾಗೇ ಮಾಡಿದ್ವಿ. ಜೂನ್ ಎರಡನೇ ವಾರ, ತೋತಾಪುರಿ ಕೊಯ್ಲು ನಡೆದಿತ್ತು. ಮೊದಲ ಸಲ ಖಾಲಿ ಗಾಡಿ ನಾನು ಹತ್ತಿಸಿದೆ. ದಿಣ್ಣೆ ಮಧ್ಯೆ ಬೇಕಂತಲೇ ನಿಲ್ಲಿಸಿದೆ. ಎಂಜಿನ್ ಒಂದು ಸಲ ಗೊಣಗಿತು, ಆದರೆ ನಿಲ್ಲಲಿಲ್ಲ. ಕೆಳಗಿಳಿಸಿ, ಮೆಕ್ಯಾನಿಕ್ ಅಣ್ಣ ಫ್ಲೋಟ್ ಇನ್ನೊಂದು ಚೂರು ಸರಿಮಾಡಿದ್ರು. ಎರಡನೇ ಸಲ ಆ ಗೊಣಗಾಟವೂ ಇರಲಿಲ್ಲ. ಎಲ್ಲ ಸೇರಿ ಆದ ಖರ್ಚು ನನ್ನ ಕಾರ್ಟ್‌ನಲ್ಲಿದ್ದ ಮಾಲಿನ ಕಾಲುಭಾಗವೂ ಇಲ್ಲ.

ಮೂರನೇ ಸಲ ಅಪ್ಪ ಕೀ ಇಸ್ಕೊಂಡ್ರು. ಕ್ರೇಟ್ ತುಂಬಿದ ಗಾಡಿಯನ್ನ ನಿಧಾನಕ್ಕೆ ಮೇಲಕ್ಕೆ ತಗೊಂಡು ಹೋದ್ರು. ಸೀಟಿನ ಹಿಂದೆ ಚಕ್ರಕ್ಕೆ ಕೊಡೋಕೆ ಅಂತ ಒಂದು ಮರದ ತುಂಡು ಇಟ್ಟುಕೊಂಡಿದ್ದರು. "ಇನ್ನು ಅದು ಬೇಕಾ ಅಪ್ಪ?" ಅಂದೆ.

"ಅದು ಇರ್ಲಿ ಬಿಡು" ಅಂದ್ರು. ಸರಿ, ಅದೂ ಇರಲಿ.