ಹಳೆಯ ಫೋನಿನ ಚಿತ್ರ: ಕಾಣುವುದೆಷ್ಟು, ತಿದ್ದಬಹುದಾದುದೆಷ್ಟು?

ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯು ರೇಷ್ಮೆ ಸೀರೆಯ ನೇಯ್ಗೆಗೆ ಹೆಸರಾದ ಊರು. ದೂರದ ವರ್ತಕನಿಗೆ ಸೀರೆಯ ಬಣ್ಣವನ್ನೂ ಅಂಚನ್ನೂ ತೋರಿಸಬೇಕಾದರೆ ಇಂದು ಮೊಬೈಲ್ ಫೋನಿನಲ್ಲಿ ತೆಗೆದ ಒಂದು ಚಿತ್ರ ಸಾಕು. ಆದರೆ ಆ ಫೋನು ಹಳೆಯದಾಗಿದ್ದರೆ, ಮಗ್ಗದ ಮೇಲೆ ಗಿಳಿಹಸಿರಾಗಿದ್ದ ಬಟ್ಟೆ ಪರದೆಯಲ್ಲಿ ಮಂಕಾಗಿ ತೋರಬಹುದು. ಜರಿಯ ಅಂಚು ಬರಿಯ ಬಿಳಿಯ ಪಟ್ಟಿಯಾಗಿ ಕಾಣಬಹುದು. ಬಣ್ಣ ಒಪ್ಪದೆ ಸೀರೆ ಹಿಂದಿರುಗಿತೆಂದರೆ ನೇಕಾರನ ಹಲವು ದಿನಗಳ ದುಡಿಮೆ ಮೂಲೆ ಸೇರಿದಂತೆಯೇ ಸರಿ. ಫೋನಿನಲ್ಲಿರುವ ತಿದ್ದುವ ಸೌಕರ್ಯಗಳಿಂದ ಈ ದೋಷಗಳನ್ನು ನೀಗಬಹುದೆ? ಕೆಲವನ್ನು ನೀಗಬಹುದು, ಕೆಲವನ್ನು ಎಂದಿಗೂ ನೀಗಲಾಗದು. ಯಾವುದು ಯಾವ ವರ್ಗಕ್ಕೆ ಸೇರಿತೆಂಬುದನ್ನು ತಿಳಿಯಲು ಚಿತ್ರದ ರಚನೆಯನ್ನು ಅರಿತುಕೊಳ್ಳಬೇಕು.

ನೇಯ್ಗೆಯನ್ನು ಕಂಡವರಿಗೆ ಇದು ಕಷ್ಟವೇನಲ್ಲ. ಅಂಚಿನ ಹಂಸವನ್ನೋ ಮಾವಿನಕಾಯಿಯನ್ನೋ ನೇಯುವ ಮುನ್ನ ಅದನ್ನು ಗ್ರಾಫ್ ಕಾಗದದ ಮೇಲೆ ಮನೆಮನೆಯಾಗಿ ಬಿಡಿಸುವರು. ಆಯಾ ಮನೆಯಲ್ಲಿ ಹಾಸಿನ ಎಳೆ ಮೇಲೇಳಬೇಕೆ ಬೇಡವೆ ಎಂಬುದನ್ನು ರಟ್ಟಿನಲ್ಲಿ ಕೊರೆದ ರಂಧ್ರಗಳು ಮಗ್ಗಕ್ಕೆ ತಿಳಿಸುವುವು. ೧೮೦೪ರಲ್ಲಿ ಫ್ರಾನ್ಸಿನ ಜೋಸೆಫ್ ಮರೀ ಜಕಾರ್ಡ್ ರೂಪಿಸಿದ ಯಂತ್ರದ ತತ್ತ್ವವಿದು. ಫೋನಿನ ಚಿತ್ರವೂ ಇಂತಹ ಮನೆಗಳ ಜಾಲವೇ. ಒಂದೊಂದು ಮನೆಗೆ ಪಿಕ್ಸೆಲ್ ಅಥವಾ ಚಿತ್ರಬಿಂದು ಎಂದು ಹೆಸರು. ರಟ್ಟಿನಲ್ಲಿ ರಂಧ್ರವಿರುವುದು ಅಥವಾ ಇಲ್ಲದಿರುವುದು, ಎರಡೇ ಸಾಧ್ಯತೆಗಳು; ಚಿತ್ರಬಿಂದುವಿನಲ್ಲಾದರೋ ಕೆಂಪು, ಹಸಿರು, ನೀಲಿ ಈ ಮೂರಕ್ಕೂ ೦ಯಿಂದ ೨೫೫ರ ವರೆಗೆ ಒಂದೊಂದು ಸಂಖ್ಯೆ ಇರುವುದು.

ಮೂರೇ ಬಣ್ಣಗಳು ಸಾಕೆಂಬುದನ್ನು ೧೮೬೧ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಲಂಡನ್ನಿನಲ್ಲಿ ಪ್ರದರ್ಶಿಸಿದನು. ಮೂರು ಬಣ್ಣಗಳ ಶೋಧಕಗಳ ಮೂಲಕ ತೆಗೆದ ಮೂರು ಛಾಯಾಚಿತ್ರಗಳನ್ನು ಅದೇ ಬಣ್ಣಗಳ ಬೆಳಕಿನಿಂದ ಒಂದರ ಮೇಲೊಂದು ಬೀಳುವಂತೆ ಮಾಡಿದಾಗ ವರ್ಣಚಿತ್ರ ಮೂಡಿತು. ಆ ಚಿತ್ರದಲ್ಲಿದ್ದುದೂ ಒಂದು ನೇಯ್ದ ವಸ್ತುವೇ, ಸ್ಕಾಟ್ಲೆಂಡಿನ ಚೌಕುಳಿಯ ರಿಬ್ಬನ್ನು, ಎಂಬುದು ಸ್ವಾರಸ್ಯದ ಸಂಗತಿ.

ಇನ್ನು ಹಳೆಯ ಪರದೆಯ ವಿಚಾರ. ೨೦೦೨ರಲ್ಲಿ ಮಾರುಕಟ್ಟೆಗೆ ಬಂದ ನೋಕಿಯಾ ೭೬೫೦ ಫೋನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಕ್ಯಾಮೆರಾ ಅಡ್ಡಲಾಗಿ ೬೪೦, ಉದ್ದಕ್ಕೆ ೪೮೦, ಒಟ್ಟು ೩,೦೭,೨೦೦ ಬಿಂದುಗಳ ಚಿತ್ರವನ್ನು ತೆಗೆಯುತ್ತಿತ್ತು. ಪರದೆಯಲ್ಲಿದ್ದುದು ೧೭೬ಕ್ಕೆ ೨೦೮, ಎಂದರೆ ೩೬,೬೦೮ ಬಿಂದುಗಳು ಮಾತ್ರ. ಪರದೆಯೆಲ್ಲ ತುಂಬಿದರೂ ಚಿತ್ರದ ಎಂಟನೆಯ ಒಂದು ಪಾಲಿಗಿಂತ ಹೆಚ್ಚು ಬಿಂದುಗಳಿಗೆ ಅಲ್ಲಿ ಸ್ಥಳವಿಲ್ಲ. ಆದುದರಿಂದ ಫೋನು ಚಿತ್ರವನ್ನು ಕುಗ್ಗಿಸಿ ತೋರಿಸುವುದು. ನಾವು ಅದನ್ನು ಹಿಗ್ಗಿಸಿದಾಗ ಮೊದಲು ಅಡಗಿದ್ದ ಬಿಂದುಗಳು ನಿಜವಾಗಿಯೂ ಹೊರಬರುವುವು. ಆದರೆ ಚಿತ್ರದ ಒಂದು ಬಿಂದು ಪರದೆಯ ಒಂದು ಬಿಂದುವಿಗೆ ಸಮನಾದ ಮೇಲೆ ಇನ್ನೆಷ್ಟು ಹಿಗ್ಗಿಸಿದರೂ ಮನೆಗಳು ದೊಡ್ಡವಾಗುವುವೇ ಹೊರತು ಹೊಸ ಎಳೆಯೊಂದೂ ಕಾಣಬರುವುದಿಲ್ಲ. ಅದೇ ಪರದೆ ತೋರಿಸಬಲ್ಲ ಬಣ್ಣಗಳು ೪,೦೯೬. ಎಂದರೆ ಒಂದೊಂದು ಮೂಲವರ್ಣಕ್ಕೆ ೧೬ ಮೆಟ್ಟಿಲುಗಳು. ರೇಷ್ಮೆಯ ನವುರಾದ ಹೊಳಪು ಅಲ್ಲಿ ಪಟ್ಟೆಪಟ್ಟೆಯಾಗಿ ಕಾಣುವುದು ಇದರಿಂದಲೇ. ಇದು ಪರದೆಯ ಬಡತನವೇ ಹೊರತು ಚಿತ್ರದ್ದಲ್ಲ. ಅದೇ ಚಿತ್ರವನ್ನು ಉತ್ತಮ ಪರದೆಯಲ್ಲಿ ತೆರೆದರೆ ಪಟ್ಟೆಗಳು ಮಾಯವಾಗುವುವು.

ಪರದೆಯನ್ನು ಓರೆಯಾಗಿ ಹಿಡಿದರೆ ಬಣ್ಣ ಕೆಡುವುದನ್ನು ಅನೇಕರು ಗಮನಿಸಿರಬಹುದು. ದ್ರವಸ್ಫಟಿಕದ ಪದರವು ನೇರವಾಗಿ ಹಾಯುವ ಬೆಳಕನ್ನೂ ಓರೆಯಾಗಿ ಹಾಯುವ ಬೆಳಕನ್ನೂ ಒಂದೇ ರೀತಿ ಮಾರ್ಪಡಿಸದು. ತಟ್ಟೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ ಉಂಟಾಗುವುದೆಂಬುದನ್ನು ೧೯೭೭ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿಕೊಟ್ಟರು. ಅಂತಹ ಅಣುಗಳ ತೆಳುಪೊರೆಯನ್ನು ಮುಂದೆ ಪರದೆಗಳ ಈ ಓರೆನೋಟದ ದೋಷವನ್ನು ತಗ್ಗಿಸಲು ಬಳಸಲಾಯಿತು.

ಈಗ ತಿದ್ದುವಿಕೆಗೆ ಬರೋಣ. ಇಲ್ಲಿ ಎರಡು ಬಗೆಯ ಪ್ರಕಾಶವನ್ನು ಬೇರೆಬೇರೆಯಾಗಿ ತಿಳಿಯಬೇಕು. ಪರದೆಯ ಪ್ರಕಾಶವನ್ನು ಹೆಚ್ಚಿಸಿದರೆ ಅದರ ಹಿಂದಿನ ದೀಪ ಉಜ್ಜ್ವಲವಾಗುವುದು; ಚಿತ್ರದಲ್ಲಿ ಏನೂ ಬದಲಾಗದು. ಚಿತ್ರದ ಪ್ರಕಾಶವನ್ನು ಹೆಚ್ಚಿಸಿದರೆ ಸಂಖ್ಯೆಗಳೇ ಬದಲಾಗುವುವು. ಜರಿಯ ಅಂಚಿನಲ್ಲಿ ಅಕ್ಕಪಕ್ಕದ ಎರಡು ಬಿಂದುಗಳ ಬೆಲೆ ೨೪೦ ಮತ್ತು ೨೫೦ ಎಂದಿಟ್ಟುಕೊಳ್ಳಿ. ಎರಡಕ್ಕೂ ೩೦ ಕೂಡಿದರೆ ೨೭೦, ೨೮೦ ಆಗಬೇಕಷ್ಟೆ. ಆದರೆ ೨೫೫ಕ್ಕೆ ಮೇಲೆ ಎಡೆಯಿಲ್ಲವಾದ್ದರಿಂದ ಎರಡೂ ೨೫೫ ಆಗಿ ನಿಲ್ಲುವುವು. ಹಾಗೆಯೇ ಉಳಿಸಿ, ಮರುದಿನ ೩೦ ಕಳೆದರೆ ದೊರೆಯುವುದು ೨೨೫ ಮತ್ತು ೨೨೫. ನಡುವೆ ಇದ್ದ ಹತ್ತರ ಅಂತರ, ಎಂದರೆ ಜರಿಯ ಎಳೆಗಳ ಗುರುತು, ಅಳಿದುಹೋಯಿತು. ಬಿಸಿಲಿನಲ್ಲಿ ತೆಗೆದ ಚಿತ್ರದಲ್ಲಿ ಜರಿ ಮೊದಲೇ ೨೫೫ ಮುಟ್ಟಿದ್ದರೆ, ಯಾವ ತಿದ್ದುವಿಕೆಯೂ ಅದನ್ನು ಮರಳಿ ತಾರದು. ಕತ್ತಲೆಯ ಕಡೆ ೦ ಮುಟ್ಟಿದ ಭಾಗಕ್ಕೂ ಇದೇ ಗತಿ.

ಇದಲ್ಲದೆ ಜೆಪೆಗ್ ಕ್ರಮದಲ್ಲಿ ಚಿತ್ರವನ್ನು ಎಂಟಕ್ಕೆಂಟರ ಚೌಕಗಳಾಗಿ ವಿಂಗಡಿಸಿ, ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರಗಳನ್ನು ಕೈಬಿಟ್ಟು, ಕಡಮೆ ಸ್ಥಳದಲ್ಲಿ ಅಡಕಮಾಡುವರು. ತಿದ್ದಿ ತಿದ್ದಿ ಉಳಿಸಿದಂತೆಲ್ಲ ಈ ನಷ್ಟ ಬೆಳೆಯುವುದು.

ಹೀಗಿರಲು ಮಾಡಬೇಕಾದುದೇನು? ಸೀರೆಯನ್ನು ಬಿಸಿಲಿಗಲ್ಲದೆ, ಬಾಗಿಲ ಬಳಿಯ ನೆರಳಿನ ಹಗಲು ಬೆಳಕಿನಲ್ಲಿ ಹರಡಿ ಚಿತ್ರ ತೆಗೆಯುವುದು ಲೇಸು. ಪಕ್ಕದಲ್ಲಿ ಒಂದು ಬಿಳಿಯ ಕಾಗದವನ್ನಿಟ್ಟರೆ, ಆ ಬಿಳಿ ಹಳದಿಗೆ ತಿರುಗಿದೆಯೋ ನೀಲಿಗೆ ತಿರುಗಿದೆಯೋ ಎಂಬುದರಿಂದ ಬಟ್ಟೆಯ ಬಣ್ಣ ಎತ್ತ ಸರಿದಿದೆಯೆಂದು ವರ್ತಕನೂ ಊಹಿಸಬಲ್ಲನು. ಹಾಸಿಗೊಂದು, ಹೊಕ್ಕಿಗೊಂದು ಬಣ್ಣವಿರುವ ಸೀರೆಯು ನೋಡುವ ಕೋನಕ್ಕೆ ತಕ್ಕಂತೆ ಬೇರೆಬೇರೆಯಾಗಿ ಹೊಳೆಯುವುದರಿಂದ ಅದಕ್ಕೆ ಒಂದೇ ಚಿತ್ರ ಸಾಲದು. ಎರಡು ಮೂರು ದಿಕ್ಕುಗಳಿಂದ ತೆಗೆಯಬೇಕು. ಚಿತ್ರ ಮಂಕಾಗಿ ಕಂಡರೆ ಮೊದಲು ಪರದೆಯನ್ನು ನೇರವಾಗಿ ಹಿಡಿದು ಅದರ ದೀಪವನ್ನು ಹೆಚ್ಚಿಸಿ ನೋಡಬೇಕು. ಅದರಿಂದಲೂ ಸರಿಯಾಗದಿದ್ದರೆ ಮಾತ್ರ ಚಿತ್ರವನ್ನು ತಿದ್ದಬೇಕು. ತಿದ್ದಿದುದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲವನ್ನು ಹಾಗೆಯೇ ಕಾಪಾಡಬೇಕು. ಬಿಚ್ಚಿದ ನೇಯ್ಗೆಯನ್ನು ನೇಕಾರನು ಮತ್ತೆ ನೇಯಬಲ್ಲನು, ಏಕೆಂದರೆ ಎಳೆಗಳು ಅವನ ಕೈಯಲ್ಲಿಯೇ ಇರುವುವು. ಅಳಿದ ಸಂಖ್ಯೆಗಳಾದರೋ ಎಲ್ಲಿಯೂ ಉಳಿದಿರುವುದಿಲ್ಲ.