ಗಾರ್ಡ್ ತೆಗೆದವರು ಯಾರು?

ಪವರ್ ಪ್ರೆಸ್‌ಗೆ ಸಿಕ್ಕಿ ಕಾರ್ಮಿಕನ ಬೆರಳು ಕಟ್. ಇಂಥ ಸುದ್ದಿ ನಮ್ಮ ಡೆಸ್ಕಿಗೆ ಬಂದಾಗಲೆಲ್ಲ ಅದರ ಬಾಲಕ್ಕೆ ಇನ್ನೊಂದು ಸಾಲು ಅಂಟಿಕೊಂಡೇ ಬರುತ್ತೆ: 'ಕಾರ್ಮಿಕನ ನಿರ್ಲಕ್ಷ್ಯವೇ ಕಾರಣ ಎನ್ನಲಾಗಿದೆ.' ಎನ್ನಲಾಗಿದೆ ಅಂದ್ರೆ, ಅಂದಿದ್ದು ಯಾರು? ಸಾಮಾನ್ಯವಾಗಿ ಆಡಳಿತದವರು. ಆಸ್ಪತ್ರೆಯಲ್ಲಿ ಮಲಗಿರೋನನ್ನು ಅಷ್ಟು ಹೊತ್ತಿಗೆ ಯಾರೂ ಕೇಳಿರಲ್ಲ.

ಕಾನೂನು ಏನನ್ನುತ್ತೆ, ನೋಡೋಣ.

2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ ಪ್ರಕಾರ ಯಂತ್ರದ ಅಪಾಯಕಾರಿ ಭಾಗಕ್ಕೆ ಭದ್ರವಾದ ಗಾರ್ಡ್ ಇರಬೇಕಿತ್ತು. ಯಂತ್ರ ಓಡುವಷ್ಟು ಹೊತ್ತೂ ಅದು ತನ್ನ ಜಾಗದಲ್ಲೇ ಇರಬೇಕಿತ್ತು. 'ಹಾಕಿಸಿದ್ವಿ ಸಾರ್' ಅಂದರೆ ಸಾಲದು, ಉಳಿಸಿಕೊಳ್ಳಬೇಕು. ಭೋಪಾಲ್ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ 7ಎ ಕಲಂ ಸೇರಿತು. ಸುರಕ್ಷಿತ ಯಂತ್ರ, ಮಾಹಿತಿ, ತರಬೇತಿ, ಮೇಲ್ವಿಚಾರಣೆ, ಇವೆಲ್ಲ ಕಾರ್ಖಾನೆ ನಡೆಸುವವನ ಹೊಣೆ ಎಂದು ಅದು ಹೇಳಿತು. 2020ರ ಸಂಹಿತೆ ಇನ್ನೊಂದು ಮಾತನ್ನೂ ಹೇಳುತ್ತೆ: ಸುರಕ್ಷತೆಗಾಗಿ ಕೊಟ್ಟ ಯಾವುದಕ್ಕೂ ಕಾರ್ಮಿಕನಿಂದ ದುಡ್ಡು ವಸೂಲಿ ಮಾಡುವಂತಿಲ್ಲ. ಗ್ಲೌಸಿನ ದುಡ್ಡನ್ನು ಸಂಬಳದಲ್ಲಿ ಮುರಿದುಕೊಳ್ಳೋದು ತಪ್ಪು.

'ಗಾರ್ಡ್ ತೆಗೆದದ್ದೇ ಅವನು' ಅಂತ ವಾದ ಬರುತ್ತೆ. ಇರಬಹುದು. ಆದ್ರೆ ಯಾಕೆ ತೆಗೀತಾನೆ? ನಾನು ಎಂಜಿನಿಯರಿಂಗ್ ಓದಿದವನು, ಇದರ ಲೆಕ್ಕ ಸರಳ. ಗಾರ್ಡ್ ಇದ್ದರೆ ತಗಡು ಇಡೋದು, ತೆಗೆಯೋದು ನಿಧಾನ. ದಿನದ ಟಾರ್ಗೆಟ್ಟು ಮಾತ್ರ ಗಾರ್ಡ್ ಇಲ್ಲದ ವೇಗಕ್ಕೆ ಕಟ್ಟಿದ್ದು. ಗಾರ್ಡ್ ಮೂಲೆಯಲ್ಲಿ ಬಿದ್ದಿರೋದು ಸೂಪರ್‌ವೈಸರ್‌ಗೆ ದಿನಾ ಕಾಣುತ್ತೆ. ಪೀಸು ಜಾಸ್ತಿ ಬಂದರೆ ಸುಮ್ಮನಿರ್ತಾರೆ, ಬೆರಳು ಹೋದರೆ ನಿರ್ಲಕ್ಷ್ಯ ಅಂತಾರೆ. ಇದಕ್ಕೆ ಪರಿಹಾರ ಇಲ್ಲವೇ? ಇದೆ. ಎರಡು ಬಟನ್ನುಗಳನ್ನು ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುವಂತೆ ಮಾಡಬಹುದು. ಎರಡೂ ಕೈ ಬಟನ್ ಮೇಲಿದ್ದರೆ ಡೈ ಕೆಳಗೆ ಆಪರೇಟರ್‌ನ ಬೆರಳು ಎಲ್ಲಿಂದ ಬರಬೇಕು? ಮನುಷ್ಯ ದಣೀತಾನೆ, ಮೈಮರೀತಾನೆ. ಇದು ಗೊತ್ತಿದ್ದೇ ಯಂತ್ರವನ್ನು ಹೊಂದಿಸಬೇಕು.

ಇನ್ನು ದುಡ್ಡಿನ ಮಾತು. ಪರಿಹಾರದ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ. 30 ನಷ್ಟ, ತೋರುಬೆರಳು ಪೂರ್ತಿ ಹೋದರೆ ಶೇ. 14. ಇಎಸ್‌ಐ ಇದ್ದವರಿಗೆ ಅಲ್ಲಿಂದ, ಇಲ್ಲದವರಿಗೆ ಮಾಲೀಕನಿಂದ ದುಡ್ಡು ಬರಬೇಕು. ಇದಕ್ಕೆ ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಿಲ್ಲ. ಗಾರ್ಡನ್ನು ಬೇಕಂತಲೇ ತೆಗೆದ ಎಂದು ತೋರಿಸಿ ಮಾಲೀಕ ತಪ್ಪಿಸಿಕೊಳ್ಳಬಹುದು. ಆದರೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಆ ನೆಪವೂ ನಡೆಯಲ್ಲ. 'ನಿರ್ಲಕ್ಷ್ಯ' ಅನ್ನೋ ಪದಕ್ಕೆ ಅಷ್ಟು ಬೆಲೆ ಯಾಕೆ ಅಂತ ಈಗ ಅರ್ಥವಾಯ್ತಲ್ಲ?

ನಿಮ್ಮ ಮನೆಯವರು ಯಾರಾದರೂ ಪ್ರೆಸ್ ಮುಂದೆ ನಿಲ್ಲೋರಾದರೆ ಒಂದು ಮಾತು ಹೇಳಿ. ಗಾರ್ಡ್ ಇಲ್ಲದಿದ್ದರೆ ಬಾಯಲ್ಲಿ ಹೇಳಿ ಬಿಡಬೇಡಿ, ಸೂಪರ್‌ವೈಸರ್‌ಗೆ ಒಂದು ಮೆಸೇಜ್ ಹಾಕಿ, ತಾರೀಖು ಸಮೇತ ಉಳಿಯಲಿ. ಸರಿ ಮಾಡದಿದ್ದರೆ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೆ ದೂರು ಕೊಡಿ. ನಾಳೆ ಯಾರಾದರೂ 'ಎನ್ನಲಾಗಿದೆ' ಅಂದಾಗ, ನಿಮ್ಮ ಕೈಯಲ್ಲೂ ಒಂದು ದಾಖಲೆ ಇರಬೇಕು.